ಸೈಕಲ್ ತುಳಿಯಿರಿ, ಮಾತ್ರೆ ಬಿಡಬೇಡಿ

(ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ನಡೆದ ಚರ್ಚೆ)

ಜಯನಗರ ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): “ದಿನಕ್ಕೆ ಅರ್ಧ ಗಂಟೆ ಸೈಕಲ್ ತುಳಿದರೆ ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಬುಡಸಮೇತ ಹೋಗುತ್ತವೆ. ಮಾತ್ರೆಗಳ ಹಂಗೇ ಬೇಡ. ಕನಿಷ್ಠ ಹತ್ತು ಜನರಿಗೆ ಕಳುಹಿಸಿ.”

ಜಯನಗರ ದೊಡ್ಡಪ್ಪ: ಎಲ್ಲರೂ ತಪ್ಪದೆ ಓದಿ. ನಿವೃತ್ತಿಯಾದ ಮೇಲೆ ಕುಳಿತು ಕುಳಿತು ನನ್ನ ಮೈ ಜಡ್ಡುಗಟ್ಟಿದೆ. ನಿನ್ನೆಯೇ ಒಂದು ಸೈಕಲ್‌ಗೆ ಮುಂಗಡ ಕೊಟ್ಟು ಬಂದಿದ್ದೇನೆ. ಮುಂದಿನ ವಾರ ಶುರು ಮಾಡಿ, ರಾತ್ರಿಯ ಮಾತ್ರೆಯನ್ನು ನಿಲ್ಲಿಸಬೇಕೆಂದಿದ್ದೇನೆ.

ಮಲ್ಲೇಶ್ವರದ ಅತ್ತೆ: ಅಣ್ಣ, ಈ ವಯಸ್ಸಿನಲ್ಲಿ ನಿನಗೆ ಸೈಕಲ್ ಯಾಕೆ? ಮಂಡಿನೋವೆಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದೀಯ. ಬಿ.ಎಂ.ಟಿ.ಸಿ. ಬಸ್ಸು, ಆಟೋ, ಊಟದ ಡೆಲಿವರಿ ಹುಡುಗರು, ಇವರೆಲ್ಲರ ನಡುವೆ ಯುವಕರೇ ಬಿದ್ದು ಕೈಕಾಲು ಮುರಿದುಕೊಳ್ಳುತ್ತಿದ್ದಾರೆ. ಜೊತೆಗೆ ಹೊಗೆ ಬೇರೆ. ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದರೆ ಸಾಲದೇ?

ವಿನಯ: ಅತ್ತೆ, ದಯವಿಟ್ಟು ದೊಡ್ಡಪ್ಪನ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸುಮಾರು 2.6 ಲಕ್ಷ ಜನರನ್ನು ಐದು ವರ್ಷ ಗಮನಿಸಿ, 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದ್ದಾರೆ. ಕಾರು ಅಥವಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಹೋಲಿಸಿದರೆ, ಸೈಕಲ್‌ನಲ್ಲಿ ಹೋಗುವವರು ಅಕಾಲದಲ್ಲಿ ಸಾಯುವ ಸಂಭವ ಶೇ 41ರಷ್ಟು ಕಡಿಮೆ ಇತ್ತು. ನಾನೂ ಎಚ್‌.ಎಸ್‌.ಆರ್. ಲೇಔಟ್‌ನಿಂದ ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತೇನೆ.

ನಾನು: ಫಿಸಿಯೋಥೆರಪಿ ನನ್ನ ವೃತ್ತಿಯಾದ್ದರಿಂದ ಈ ವಿಷಯದಲ್ಲಿ ಸುಮ್ಮನಿರಲಾರೆ. ದೊಡ್ಡಪ್ಪ, ನೀವು ಸೈಕಲ್ ತುಳಿಯುವುದನ್ನು ನಾನು ಮನಃಪೂರ್ವಕವಾಗಿ ಬೆಂಬಲಿಸುತ್ತೇನೆ. ಆದರೆ ಆ ಸಂದೇಶದಲ್ಲಿರುವ ಮಾತ್ರೆಯ ಮಾತು ಅಪಾಯಕಾರಿ, ಅದನ್ನು ದಯವಿಟ್ಟು ಇನ್ನಾರಿಗೂ ಕಳುಹಿಸಬೇಡಿ. ವಿನಯ, ನೀನು ಹೇಳಿದ ಅಧ್ಯಯನ ಒಳ್ಳೆಯದೇ, ಆದರೆ ಅದು ಜನರನ್ನು ಗಮನಿಸಿ ಬರೆದದ್ದು. ಸೈಕಲ್ ತುಳಿಯುವವರು ಬೇರೆ ರೀತಿಯಲ್ಲೂ ಆರೋಗ್ಯವಂತರಾಗಿರಬಹುದು ಎಂಬ ಸಂಶಯವನ್ನು ಲೆಕ್ಕಾಚಾರದಿಂದ ಪೂರ್ತಿ ತೆಗೆದುಹಾಕಲಾಗುವುದಿಲ್ಲ. ಅದರಿಂದ ಮಾತ್ರೆ ಬಿಡಬಹುದೆಂಬ ತೀರ್ಮಾನವಂತೂ ಹೊರಡುವುದೇ ಇಲ್ಲ.

ಜಯನಗರ ದೊಡ್ಡಪ್ಪ: ವ್ಯಾಯಾಮದಿಂದ ಸಕ್ಕರೆ ಇಳಿಯುತ್ತದೆ ಎಂದು ನಮ್ಮ ಡಾಕ್ಟರೇ ಹೇಳಿದ್ದಾರಲ್ಲಮ್ಮ. ಇಳಿಯುವುದಾದರೆ ಮಾತ್ರೆ ಯಾಕೆ ಬೇಕು?

ನಾನು: ಇಳಿಯುವುದು ನಿಜ, ದೊಡ್ಡಪ್ಪ. ತೊಡೆಯ ದೊಡ್ಡ ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಮತ್ತು ಇರುವ ಇನ್ಸುಲಿನ್‌ಗೆ ದೇಹ ಚೆನ್ನಾಗಿ ಸ್ಪಂದಿಸುವ ಸ್ಥಿತಿ ಆಮೇಲೆಯೂ ಒಂದೆರಡು ದಿನ ಉಳಿಯುತ್ತದೆ. ಒಂದೆರಡು ದಿನ ಮಾತ್ರ, ಅದಕ್ಕೇ ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು ಎನ್ನುತ್ತಾರೆ. ಮಳೆ ಹಿಡಿದು ನೀವು ಒಂದು ವಾರ ಮನೆಯಲ್ಲೇ ಉಳಿದಿರಿ, ಮಾತ್ರೆಯೂ ಇಲ್ಲ ಎಂದಾದರೆ ಸಕ್ಕರೆ ಎಲ್ಲಿಗೆ ಏರುತ್ತದೆ ಯೋಚಿಸಿ. ಮೂರು ತಿಂಗಳು ಕ್ರಮವಾಗಿ ತುಳಿದು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಫಲಿತಾಂಶವನ್ನು ಡಾಕ್ಟರಿಗೆ ತೋರಿಸಿ. ಕಡಿಮೆ ಮಾಡುವುದಿದ್ದರೆ ಅವರೇ ಮಾಡಲಿ.

ಇನ್ನೊಂದು ಮಾತು. ನಿಮ್ಮ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮಿಪಿರೈಡ್ ಕೂಡ ಇದೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ, ಅದರ ಮೇಲೆ ವ್ಯಾಯಾಮವೂ ಸೇರಿದರೆ ದಾರಿಯಲ್ಲೇ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬರಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದೆಯಲ್ಲ, ಹೊರಡುವ ಮುನ್ನ ನೋಡಿ, 100ಕ್ಕಿಂತ ಕೆಳಗಿದ್ದರೆ ಎರಡು ಇಡ್ಲಿ ತಿಂದು ಸ್ವಲ್ಪ ಹೊತ್ತು ಬಿಟ್ಟು ಹೊರಡಿ. ಜೇಬಿನಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣ ಇರಲೇಬೇಕು. ಮೊದಲ ಬಾರಿ ಏರುವ ಮುಂಚೆ ಡಾಕ್ಟರಿಗೆ ವಿಷಯ ತಿಳಿಸಿ, ಹೃದಯದ ತಪಾಸಣೆ ಬೇಕೇ ಎಂದೂ ಕೇಳಿ.

ಮಲ್ಲೇಶ್ವರದ ಅತ್ತೆ: ನೋಡಿದೆಯಾ ಅಣ್ಣ, ಇಷ್ಟೆಲ್ಲ ರಗಳೆ ಇದೆ. ಇವಳೂ ಒಂದು ರೀತಿಯಲ್ಲಿ ಬೇಡ ಎಂದೇ ಹೇಳುತ್ತಿದ್ದಾಳೆ.

ನಾನು: ಖಂಡಿತ ಇಲ್ಲ ಅತ್ತೆ. ದೊಡ್ಡಪ್ಪ ನಡಿಗೆ ಬಿಟ್ಟದ್ದೇ ಮಂಡಿನೋವಿನಿಂದ. ನಡೆಯುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಬೀಳುತ್ತದೆ, ಸೈಕಲ್‌ನಲ್ಲಿ ಬಹುಪಾಲು ಭಾರವನ್ನು ಸೀಟು ಹೊರುತ್ತದೆ. ಮಂಡಿ ಸವೆದವರಿಗೆ ನಾವು ಸೈಕಲ್ ಹೇಳಿಕೊಡುವುದು ಇದಕ್ಕೇ. ಸೀಟು ಮಾತ್ರ ಸರಿಯಾದ ಎತ್ತರದಲ್ಲಿರಬೇಕು. ಕಾಲು ನೆಲಕ್ಕೆ ಸಲೀಸಾಗಿ ಸಿಗಲೆಂದು ನಮ್ಮಲ್ಲಿ ಸೀಟನ್ನು ತೀರಾ ತಗ್ಗಿಸಿಬಿಡುತ್ತಾರೆ, ಆಗ ಮಂಡಿ ವಿಪರೀತ ಮಡಚಿ ಚಿಪ್ಪಿನ ಮುಂಭಾಗ ನೋಯಲು ಶುರುವಾಗುತ್ತದೆ. ದೊಡ್ಡಪ್ಪ, ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿ. ಕಾಲು ಅಲ್ಲಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತಾನಾಗಿಯೇ ಸ್ವಲ್ಪ ಬಾಗಿರುತ್ತದೆ. ಗೇರ್ ಹಗುರವಾಗಿರಲಿ, ಬಲ ಹಾಕಿ ತುಳಿಯುವುದಕ್ಕಿಂತ ಚುರುಕಾಗಿ ತಿರುಗಿಸುವುದು ಮಂಡಿಗೆ ಹಿತ.

ಮಲ್ಲೇಶ್ವರದ ಅತ್ತೆ: ಮಂಡಿಯ ವಿಷಯ ಒಪ್ಪಿದೆ. ರಸ್ತೆಗೆ ಏನು ಉತ್ತರ?

ವಿನಯ: ಸೈಕಲ್ ಪಥಗಳಿವೆಯಲ್ಲ ಅತ್ತೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲೂ ಕಂಬ ನೆಟ್ಟು ಬೇರೆ ದಾರಿ ಮಾಡಿದ್ದರು.

ಮಲ್ಲೇಶ್ವರದ ಅತ್ತೆ: ಕಂಬ ನೆಟ್ಟ ಮಾತ್ರಕ್ಕೆ ಬೈಕಿನವರು ಒಳಗೆ ನುಗ್ಗುವುದನ್ನು ಬಿಟ್ಟರೇ? ನೀನು ಮೂವತ್ತರ ಹುಡುಗ, ಥಟ್ಟನೆ ಪಕ್ಕಕ್ಕೆ ಸರಿಯುತ್ತೀಯ.

ನಾನು: ಇಲ್ಲಿ ನಾನು ಅತ್ತೆಯ ಕಡೆ. ಈ ಊರಿನ ಮುಖ್ಯರಸ್ತೆಗಳಲ್ಲಿ ಅರವತ್ತು ದಾಟಿದವರಿಗೆ ಸೈಕಲ್ ಕ್ಷೇಮ ಎಂದು ನಾನು ಯಾವ ರೋಗಿಗೂ ಹೇಳಿಲ್ಲ. ಹಾಗೆ ಹೇಳಬಹುದಾದ ಸ್ಥಿತಿಯಲ್ಲಿ ನಗರವೇ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಆದರೆ ಜಯನಗರದ ಒಳ ಅಡ್ಡರಸ್ತೆಗಳಲ್ಲಿ ಬೆಳಿಗ್ಗೆ ಆರರಿಂದ ಏಳರವರೆಗೆ ವಾಹನ ಕಡಿಮೆ, ಮರಗಳ ನೆರಳಿದೆ, ಏರು ಹೆಚ್ಚಿಲ್ಲ. ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲದ ಕಬ್ಬನ್ ಪಾರ್ಕ್ ಇದೆ. ಅಲ್ಲಿಯವರೆಗೆ ವಿನಯ ಕಾರಿನಲ್ಲಿ ಸೈಕಲ್ ಹಾಕಿಕೊಂಡು ಹೋಗಲಿ. ಹೊಗೆಯ ಬಗ್ಗೆ ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದ್ದಾರೆ: ಗಾಳಿಯ ಸೂಕ್ಷ್ಮ ಕಣ ಘನ ಮೀಟರಿಗೆ 100 ಮೈಕ್ರೋಗ್ರಾಂ ಇರುವಲ್ಲಿಯೂ ದಿನಕ್ಕೆ ಒಂದೂವರೆ ಗಂಟೆ ಮೀರಿದ ಮೇಲೆಯೇ ಸೈಕಲ್‌ನ ಲಾಭಕ್ಕಿಂತ ನಷ್ಟ ಹೆಚ್ಚು. ನಮ್ಮ ಊರಿನ ಗಾಳಿ ವರ್ಷದ ಸರಾಸರಿಯಲ್ಲಿ ಅಷ್ಟು ಕೆಟ್ಟಿಲ್ಲ, ದೊಡ್ಡಪ್ಪನಿಗೆ ಬೇಕಾದದ್ದು ಅರ್ಧ ಗಂಟೆ. ವಾರಕ್ಕೆ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಮಿತಿ ಐದು ದಿನಗಳಲ್ಲಿ ಅಲ್ಲಿಗೇ ಮುಗಿಯುತ್ತದೆ.

ನಿಂತ ಕಾರುಗಳಿಗೆ ಅಂಟಿಕೊಂಡು ಹೋಗಬೇಡಿ ದೊಡ್ಡಪ್ಪ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ರಸ್ತೆಯಂಚಿನ ಚರಂಡಿಯ ಕಬ್ಬಿಣದ ಜಾಲರಿಯಲ್ಲಿ ಸರಳುಗಳು ಉದ್ದಕ್ಕೆ ಇದ್ದರೆ ತೆಳುವಾದ ಚಕ್ರ ಸೀದಾ ಒಳಗೆ ಇಳಿಯುತ್ತದೆ. ಹೆಲ್ಮೆಟ್ ಇಲ್ಲದೆ ಗೇಟು ದಾಟುವಂತಿಲ್ಲ.

ಜಯನಗರ ದೊಡ್ಡಮ್ಮ: ಇವರು ಮುಂಗಡ ಕೊಟ್ಟಿರುವುದು ಕೆಳಕ್ಕೆ ಬಾಗಿದ ಹ್ಯಾಂಡಲ್‌ನ, ತೆಳು ಚಕ್ರದ ಸೈಕಲ್‌ಗೆ. ಫೋಟೋ ಹಾಕುತ್ತಿದ್ದೇನೆ. ಇದು ಇವರಿಗೆ ಸರಿಯೇ?

ನಾನು: ಬೇಡ ದೊಡ್ಡಮ್ಮ. ಅಷ್ಟು ಬಗ್ಗಿದರೆ ಸೊಂಟ, ಕುತ್ತಿಗೆ ಎರಡೂ ಹಿಡಿದುಕೊಳ್ಳುತ್ತವೆ. ನೇರ ಹ್ಯಾಂಡಲ್, ಅಗಲ ಟೈರು, ಕಾಲೆತ್ತಿ ದಾಟುವ ಕಷ್ಟವಿಲ್ಲದಂತೆ ಬಾರ್ ತಗ್ಗಿರುವ ಮಾದರಿ ಬೇಕು.

ಜಯನಗರ ದೊಡ್ಡಪ್ಪ: ಸರಿ, ಮಾತ್ರೆ ಬಿಡುವುದಿಲ್ಲ. ಆ ಸಂದೇಶವನ್ನೂ ಇಲ್ಲಿಂದ ಅಳಿಸುತ್ತೇನೆ. ಆದರೆ ಸಂಜೆಯೂ ಒಂದು ಸುತ್ತು ಹೋಗಬಹುದಲ್ಲವೇ?

ಮಲ್ಲೇಶ್ವರದ ಅತ್ತೆ: ಸಂಜೆಯ ಟ್ರಾಫಿಕ್‌ನಲ್ಲಿ ಬೇಡವೇ ಬೇಡ ಅಣ್ಣ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ನಾನು: ಸಂಜೆ ಸೈಕಲ್ ಬದಲು ಮನೆಯಲ್ಲೇ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಹೇಳಿಕೊಡುತ್ತೇನೆ. ಸೈಕಲ್‌ನಿಂದ ಮೂಳೆಗೆ ಹೆಚ್ಚು ಬಲ ಬರುವುದಿಲ್ಲ, ಅದಕ್ಕೆ ವಾರಕ್ಕೆ ಎರಡು ದಿನ ಇದು ಬೇಕು. ನಾಳೆ ಅಂಗಡಿಗೆ ನಾನೂ ಬರುತ್ತೇನೆ, ಮುಂಗಡದ ರಸೀದಿ ತೆಗೆದಿಟ್ಟಿರಿ.