ಪದಚರ್ಚೆ: ‘ದ್ಯುತಿ ಸಂವೇದಕ’, ‘ಊತದ ಅನುಪಾತ’ – ಹೈಡ್ರೋಜೆಲ್ ಆಲ್ಕೊಹಾಲ್ ಸೆನ್ಸರ್ ಕುರಿತ ಬರಹಕ್ಕೆ

ಪ್ರಶ್ನೆ: ಆಲ್ಕೊಹಾಲ್ ಪತ್ತೆಗೆ ಬಳಸುವ ಹೈಡ್ರೋಜೆಲ್ (ನೀರು ಹೀರಿ ಉಬ್ಬುವ ಪಾಲಿಮರ್ ಜಾಲ) ಸೆನ್ಸರ್‌ಗಳ ಬಗ್ಗೆ ಒಂದು ಬರಹ ಸಿದ್ಧವಾಗುತ್ತಿದೆ. ಗಾಜಿನ ಮೇಲಿನ ತೆಳು ಜೆಲ್ ಪದರ ಎಥನಾಲ್ ಬೆರೆತ ನೀರಿನಲ್ಲಿ ಉಬ್ಬುತ್ತದೆ, ಅದರಿಂದ ಪ್ರತಿಫಲಿಸುವ ಬಣ್ಣ ಹಸಿರಿನಿಂದ ಕೆಂಪಿನತ್ತ ಸರಿಯುತ್ತದೆ. ಕರಡಿನಲ್ಲಿ ಇದನ್ನು ‘ಜಲಲೋಳೆ ಆಧಾರಿತ ದ್ಯುತಿ ಮದ್ಯಸಂವೇದಕ’ ಎಂದೂ, ಉಬ್ಬುವ ಪ್ರಮಾಣವನ್ನು ‘ಊತದ ಅನುಪಾತ’ ಎಂದೂ ಬರೆದಿದೆ. ‘ಸೂಕ್ಷ್ಮತೆ’, ‘ಶೇಕಡಾ’, ‘ಪ್ರತಿಕ್ರಿಯಾ ಸಮಯ’ ಎಂಬ ಪದಗಳೂ ಕರಡಿನಲ್ಲಿವೆ. ಈ ಪದಗಳು ನಿಲ್ಲುತ್ತವೆಯೇ?

ಉತ್ತರ 1: ‘ಸಂವೇದಕ’ ಒಂದನ್ನು ಬಿಟ್ಟು ಉಳಿದವು ನಿಲ್ಲುವುದು ಕಷ್ಟ.

‘ದ್ಯುತಿ ಸಂವೇದಕ’ ಎಂದರೆ ಓದುಗ ಬೆಳಕನ್ನೇ ಗ್ರಹಿಸುವ ಫೋಟೋಡಯೋಡ್‌ನಂಥ ಸಾಧನ ಎಂದುಕೊಳ್ಳುತ್ತಾನೆ. ದ್ಯುತಿವಿದ್ಯುತ್, ದ್ಯುತಿಸಂಶ್ಲೇಷಣೆ, ದ್ಯುತಿತಂತು ಎಲ್ಲಕ್ಕೂ ಒಂದೇ ‘ದ್ಯುತಿ’ ಹಚ್ಚಿಟ್ಟಿರುವುದರ ಫಲ ಇದು. ಇಲ್ಲಿ ಗ್ರಹಿಸಬೇಕಾದದ್ದು ಎಥನಾಲ್. ಬೆಳಕು ಸುದ್ದಿ ತರುತ್ತದೆ ಅಷ್ಟೆ. ಮೊದಲ ಸಲ ‘ಬಣ್ಣದ ಬದಲಾವಣೆಯಿಂದ ಆಲ್ಕೊಹಾಲ್ ಅಳೆಯುವ ಸಂವೇದಕ’ ಎಂದು ಬಿಡಿಸಿ ಬರೆದು, ಮುಂದೆ ‘ಜೆಲ್ ಸಂವೇದಕ’ ಎಂದರೆ ಸಾಕು.

‘ಮದ್ಯ’ ಬೇಡವೇ ಬೇಡ. ಮದ್ಯ ಕುಡಿಯುವ ಪಾನೀಯ. ಈ ಜೆಲ್ ಮೆಥನಾಲಿಗೂ ಪ್ರೊಪನಾಲಿಗೂ ಸ್ಪಂದಿಸುತ್ತದೆ, ಅಸಿಟೋನ್ ಇದ್ದರೂ ಅದರ ಅಳತೆಯ ಓದು ಕದಲುತ್ತದೆ. ಅಳೆದದ್ದು ಎಥನಾಲ್ ದ್ರಾವಣವಾದರೆ ‘ಎಥನಾಲ್’ ಎಂದೇ ಬರೆಯಿರಿ, ಇಡೀ ವರ್ಗಕ್ಕೆ ‘ಆಲ್ಕೊಹಾಲ್’ ಇರಲಿ.

ನಿಜವಾದ ತೊಡಕು ‘ಅನುಪಾತ’ದಲ್ಲಿದೆ. ಯಾವುದರ ಅನುಪಾತ? ತೂಕದ್ದೋ, ಗಾತ್ರದ್ದೋ, ದಪ್ಪದ್ದೋ? ಬಣ್ಣವನ್ನು ಪ್ರತಿಫಲಿಸಲು ಪದರದೊಳಗೆ ಒಂದರ ಮೇಲೊಂದು ಇರುವ ಪಟ್ಟಿಗಳ ನಡುವಿನ ಅಂತರ 190 ನ್ಯಾನೊಮೀಟರ್, ಜೆಲ್‌ನ ವಕ್ರೀಭವನ ಸೂಚ್ಯಂಕ (ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆ ಎಂಬುದರ ಅಳತೆ) 1.40 ಎಂದಿಟ್ಟುಕೊಳ್ಳಿ. ನೇರವಾಗಿ ಮೇಲಿನಿಂದ ನೋಡಿದರೆ ಪ್ರತಿಫಲಿಸುವ ತರಂಗಾಂತರ ಅಂತರ ಮತ್ತು ಸೂಚ್ಯಂಕಗಳ ಗುಣಲಬ್ಧದ ಎರಡರಷ್ಟು, ಅಂದರೆ 532 ನ್ಯಾನೊಮೀಟರ್: ಹಸಿರು. ಈಗ ಜೆಲ್‌ನ ಗಾತ್ರ ಶೇ. 10 ಹೆಚ್ಚಲಿ. ಪದರ ಗಾಜಿಗೆ ಅಂಟಿಕೊಂಡಿದ್ದರೆ ಉದ್ದ ಅಗಲಕ್ಕೆ ಬೆಳೆಯಲಾರದು, ಬೆಳವಣಿಗೆಯೆಲ್ಲ ದಪ್ಪಕ್ಕೇ ಹೋಗುತ್ತದೆ. ತರಂಗಾಂತರ 585ರ ಆಸುಪಾಸಿಗೆ, ಹಳದಿಗೆ ಬರುತ್ತದೆ. ಅದೇ ಜೆಲ್ ಬಿಡಿಯಾಗಿ ತೇಲುತ್ತಿದ್ದರೆ ಮೂರೂ ದಿಕ್ಕಿಗೆ ಹಂಚಿಹೋಗಿ ಪ್ರತಿ ದಿಕ್ಕಿಗೆ ಸುಮಾರು ಶೇ. 3.2 ಮಾತ್ರ ಬೆಳೆಯುತ್ತದೆ; ತರಂಗಾಂತರ 549, ಇನ್ನೂ ಹಸಿರೇ. (ಎರಡರಲ್ಲೂ ಸೂಚ್ಯಂಕದ ಸಣ್ಣ ಬದಲಾವಣೆಯನ್ನು ಬಿಟ್ಟಿದ್ದೇನೆ.) ಒಂದೇ ‘ಅನುಪಾತ’, ಎರಡು ಬಣ್ಣ. ಹಾಗಾಗಿ ‘ದಪ್ಪದ ಹೆಚ್ಚಳ’, ‘ಗಾತ್ರದ ಹೆಚ್ಚಳ’, ‘ತೂಕದ ಹೆಚ್ಚಳ’ ಎಂದು ಬೇರೆ ಬೇರೆ ಹೆಸರು ಕೊಡಲೇಬೇಕು. ಪದರ ಗಾಜಿಗೆ ಹೇಗೆ ಅಂಟಿತು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ. ಸಾಮಾನ್ಯವಾಗಿ ಮೆಥಾಕ್ರಿಲೇಟ್ ತುದಿಯಿರುವ ಸಿಲೇನ್ (ಗಾಜಿಗೂ ಜೆಲ್‌ಗೂ ಕೊಂಡಿ ಹಾಕುವ ಸಿಲಿಕಾನ್ ಸಂಯುಕ್ತ) ಸವರಿದ ಗಾಜು ಬಳಸುತ್ತಾರೆ. ಸವರದಿದ್ದರೆ ಮೊದಲ ಉಬ್ಬಿಗೇ ಪದರ ಸುಕ್ಕಾಗಿ ಎದ್ದುಬರುತ್ತದೆ.

‘ಊತ’ ಕಾಲಿಗೆ, ಮುಖಕ್ಕೆ ಬರುವಂಥದ್ದು. ಮಳೆಗಾಲದಲ್ಲಿ ಬಾಗಿಲು ‘ಉಬ್ಬಿದೆ’ ಎನ್ನುತ್ತೇವಲ್ಲ, ನೀರು ಹೀರಿ ಹಿರಿದಾಗುವ ಅರ್ಥ ಅಲ್ಲೇ ಇದೆ. ‘ಹಿಗ್ಗು’ ಪದವನ್ನು ಶಾಖದಿಂದಾಗುವ ಬೆಳವಣಿಗೆಗೆ ಕಾದಿಡಿ, ಏಕೆಂದರೆ ಈ ಬರಹದಲ್ಲಿ ಉಷ್ಣತೆಯ ಮಾತೂ ಬರುತ್ತದೆ.

ಹಾಗಂತ ‘ಉಬ್ಬು ಸಂವೇದಕ’ ಎಂದು ಹೆಸರಿಡಬೇಡಿ. ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಜೆಲ್ ತಣ್ಣೀರಿನಲ್ಲಿ ಉಬ್ಬಿರುತ್ತದೆ. ಎಥನಾಲ್ ಬೆರೆಸುತ್ತ ಹೋದಂತೆ ಕುಗ್ಗುತ್ತದೆ, ಎಥನಾಲ್ ಬಹಳವಾದಾಗ ಮತ್ತೆ ಉಬ್ಬುತ್ತದೆ. ನೀರಿನಲ್ಲೇ ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುಗ್ಗುವುದರಿಂದ ಉಷ್ಣತೆ ಬಿಗಿಹಿಡಿಯದೆ ಆ ಓದಿಗೆ ಬೆಲೆಯಿಲ್ಲ. ಕಾಂಟ್ಯಾಕ್ಟ್ ಲೆನ್ಸಿನ ಪಾಲಿ-ಹೈಡ್ರಾಕ್ಸಿಎಥೈಲ್ ಮೆಥಾಕ್ರಿಲೇಟ್ ಇದಕ್ಕೆ ತಿರುಗುಮುರುಗು: ಬರೀ ನೀರಿಗಿಂತಲೂ ಬರೀ ಎಥನಾಲಿಗಿಂತಲೂ ಎರಡರ ಮಿಶ್ರಣದಲ್ಲಿ ಹೆಚ್ಚು ಉಬ್ಬುತ್ತದೆ. ಎರಡರಲ್ಲೂ ಒಂದೇ ಬಣ್ಣ ಎರಡು ಸಾಂದ್ರತೆಗೆ ಹೊಂದಬಹುದು. ಯಾವ ವ್ಯಾಪ್ತಿಯಲ್ಲಿ ಸಾಂದ್ರತೆಗೆ ತಕ್ಕಂತೆ ತರಂಗಾಂತರ ತೋರಿಸುವ ರೇಖೆ ಒಂದೇ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಹೇಳದಿದ್ದರೆ ‘ಸೂಕ್ಷ್ಮತೆ’ ಎಂಬ ಪದವನ್ನು ಬಳಸುವುದರಲ್ಲಿ ಅರ್ಥವಿಲ್ಲ.

ಉತ್ತರ 2: ಮೇಲಿನದಕ್ಕೆ ಸೇರಿಕೆ, ಮತ್ತು ಒಂದು ಚಿಕ್ಕ ತಕರಾರು.

‘ಜಲಲೋಳೆ’ ಬಗ್ಗೆ ಅವರು ಏನೂ ಹೇಳಲಿಲ್ಲ. ಲೋಳೆ ಹರಿಯುತ್ತದೆ, ನೀರು ಹೆಚ್ಚಾದರೆ ಕದಡಿಹೋಗುತ್ತದೆ. ಹೈಡ್ರೋಜೆಲ್ ಎಷ್ಟು ನೀರಿಗೆ ಹಾಕಿದರೂ ಕರಗದು, ಅದರ ಪಾಲಿಮರ್ ಎಳೆಗಳನ್ನು ಅಡ್ಡಕೊಂಡಿಗಳು ಹಿಡಿದಿರುತ್ತವೆ. ಕೊಂಡಿ ಹೆಚ್ಚಿದಷ್ಟೂ ಉಬ್ಬು ಕಡಿಮೆ. ‘ಹೈಡ್ರೋಜೆಲ್’ ಹಾಗೇ ಇರಲಿ. ‘ಅಡ್ಡಕೊಂಡಿ’ಯನ್ನು ಮಾತ್ರ ಧೈರ್ಯವಾಗಿ ಬಳಸಿ, ವಿವರಣೆಯೇ ಬೇಡ.

ತಕರಾರು ‘ಬಣ್ಣದ ಬದಲಾವಣೆ’ ಕುರಿತು. ನೋಡುವ ಕೋನ ಓರೆಯಾದರೆ ಎಥನಾಲ್ ಇಲ್ಲದೆಯೂ ಬಣ್ಣ ನೀಲಿಯತ್ತ ಜಾರುತ್ತದೆ. ಪದರ ಒಣಗಿದರೂ ಅಷ್ಟೇ. ಅಳತೆಯ ಮಾತು ಬಂದಲ್ಲಿ ‘ಪ್ರತಿಫಲನ ಶಿಖರದ ತರಂಗಾಂತರ’ (ಅತಿ ಹೆಚ್ಚು ಬೆಳಕು ಪ್ರತಿಫಲಿಸುವ ತರಂಗಾಂತರ) ಎಂದು ಬರೆದು ಕೋನವನ್ನೂ ಕೊಡಿ.

‘ಶೇಕಡಾ’ ಕೂಡ ಬಿಡಿಸಬೇಕು. ಗಾತ್ರದಲ್ಲಿ ಶೇ. 40 ಎಥನಾಲ್ ಎಂದರೆ ತೂಕದಲ್ಲಿ ಸುಮಾರು ಶೇ. 33, ಮೋಲ್ ಭಾಗದಲ್ಲಿ (ಅಂದರೆ ಒಟ್ಟು ಅಣುಗಳ ಎಣಿಕೆಯಲ್ಲಿ ಎಥನಾಲ್ ಅಣುಗಳ ಪಾಲು) 0.16. ತಯಾರಿಯಲ್ಲೂ ಎಡವುತ್ತಾರೆ: 40 ಮಿಲಿಲೀಟರ್ ಎಥನಾಲಿಗೆ 60 ಮಿಲಿಲೀಟರ್ ನೀರು ಸುರಿದರೆ ಮಿಶ್ರಣ ಕುಗ್ಗಿ 97ರ ಆಸುಪಾಸಿಗೆ ನಿಲ್ಲುತ್ತದೆ, ಸಾಂದ್ರತೆ ಶೇ. 41 ದಾಟುತ್ತದೆ. 100 ಮಿಲಿಲೀಟರ್ ಗುರುತಿನ ಫ್ಲಾಸ್ಕಿನಲ್ಲಿ ಎಥನಾಲ್ ಹಾಕಿ, ಬಹುಪಾಲು ನೀರು ಬೆರೆಸಿ, ಮಿಶ್ರಣ ಬಿಸಿಯಾಗುವುದರಿಂದ 20 ಡಿಗ್ರಿಗೆ ತಣಿಸಿ, ಆಮೇಲೆ ಗುರುತಿನವರೆಗೆ ನೀರು ತುಂಬಬೇಕು.

ಇನ್ನು ‘ಪ್ರತಿಕ್ರಿಯಾ ಸಮಯ’. ಇಲ್ಲಿ ರಾಸಾಯನಿಕ ಕ್ರಿಯೆ ಏನೂ ನಡೆಯುವುದಿಲ್ಲ, ದ್ರಾವಕ ಪದರದೊಳಗೆ ಹರಡಿ ಜಾಲ ಸಡಿಲಗೊಳ್ಳುತ್ತದೆ ಅಷ್ಟೆ. ‘ಸ್ಪಂದನ ಸಮಯ’ ಮೇಲು. ಪದರದ ದಪ್ಪ 10 ಪಟ್ಟಾದರೆ ಈ ಸಮಯ ಸುಮಾರು 100 ಪಟ್ಟಾಗುತ್ತದೆ, ಆದ್ದರಿಂದ ದಪ್ಪ ಹೇಳದೆ ಸೆಕೆಂಡುಗಳನ್ನು ಮಾತ್ರ ಬರೆಯಬೇಡಿ.