ಫ್ಯಾನ್ ಫಿಕ್ಷನ್ ಸ್ವತಂತ್ರ ಕಾದಂಬರಿಯಾಗಲು ಹೆಸರು ಬದಲಿಸಿದರೆ ಸಾಕೇ?

ಪ್ರಶ್ನೆ: ಜನಪ್ರಿಯ ಸರಣಿಯೊಂದರ ಪಾತ್ರಗಳನ್ನಿಟ್ಟುಕೊಂಡು ನಾನು ಬರೆದ ಫ್ಯಾನ್ ಫಿಕ್ಷನ್ 40 ಅಧ್ಯಾಯಗಳಷ್ಟು ಬೆಳೆದಿದೆ. ಕಥೆ ನಡೆಯುವ ಊರು, ಕಾಲ, ಪಾತ್ರಗಳ ಕಸುಬು ಎಲ್ಲವೂ ನನ್ನದೇ ಕಲ್ಪನೆಯಾಗಿರುವುದರಿಂದ, ಹೆಸರುಗಳನ್ನಷ್ಟೇ ಬದಲಿಸಿ ಪ್ರಕಾಶಕರಿಗೆ ಕಳುಹಿಸಬಹುದೇ?

ಉತ್ತರ 1: ಸಾಲದು. ಕೃತಿಸ್ವಾಮ್ಯವು (ಕಾಪಿರೈಟ್) ಕಲ್ಪನೆಯನ್ನಲ್ಲ, ಅದರ ಅಭಿವ್ಯಕ್ತಿಯನ್ನು ರಕ್ಷಿಸುತ್ತದೆ. ಹಗೆಗಳಿಬ್ಬರು ಪ್ರೇಮಿಗಳಾಗುವ ಕಥೆ ಯಾರ ಸ್ವತ್ತೂ ಅಲ್ಲವಾದರೂ, ಮಾತಿನ ಧಾಟಿ, ಪೂರ್ವಕಥೆ, ಮೈಮೇಲಿನ ಗುರುತುಗಳಿಂದಲೇ ಪತ್ತೆಯಾಗುವ ಪಾತ್ರ ಹೆಸರು ಬದಲಿಸಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ನಾನೂ ಒಮ್ಮೆ ಹೀಗೆಯೇ ಹೆಸರು ಬದಲಿಸಿ ಕೈತೊಳೆದುಕೊಂಡಿದ್ದೆ. ಮೂಲವನ್ನು ಓದಿರದ ಗೆಳತಿಯೊಬ್ಬಳು ಮೂರನೆಯ ಅಧ್ಯಾಯದಲ್ಲಿ ನಾಯಕ ಮಣಿಕಟ್ಟಿನ ಕಲೆಯನ್ನು ಸವರಿಕೊಳ್ಳುವ ಕಡೆ, "ಇದು ಯಾವಾಗಿನ ಗಾಯ?" ಎಂದು ಅಂಚಿನಲ್ಲಿ ಬರೆದಿದ್ದಳು. ಗಾಯವಾದ ಪ್ರಸಂಗ ಮೂಲ ಕೃತಿಯಲ್ಲಿತ್ತು, ನನ್ನದರಲ್ಲಿರಲಿಲ್ಲ! ಓದುಗರ ನೆನಪಿನಿಂದ ಕಡ ತಂದ ಇಂತಹ ಭಾವನೆಗಳನ್ನೆಲ್ಲ ಹುಡುಕಿ, ಪುಟದ ಮೇಲೆಯೇ ಹೊಸದಾಗಿ ಕಟ್ಟಬೇಕಾಯಿತು.

ಉತ್ತರ 2: ಆದರೂ ದಾರಿಯಿದೆ. 2011ರ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಕಾದಂಬರಿ ಮೊದಲು ರಕ್ತಪಿಶಾಚಿಗಳ ಪ್ರೇಮಕಥೆಯಾದ 'ಟ್ವೈಲೈಟ್' ಸರಣಿಯ ಫ್ಯಾನ್ ಫಿಕ್ಷನ್ ಆಗಿತ್ತು. ಆ ಫ್ಯಾನ್ ಫಿಕ್ಷನ್‌ನಲ್ಲಿ ರಕ್ತಪಿಶಾಚಿಗಳೇ ಇಲ್ಲದಿರುವುದರಿಂದ ಮೂಲದಿಂದ ಬೇರ್ಪಡಿಸುವುದು ಸುಲಭವಾಗಿದ್ದಿರಬೇಕು. ನಿಮ್ಮ ಕಥೆಯೂ ಬೇರೆ ಲೋಕದಲ್ಲಿ ನಡೆಯುವುದು ನಿಮ್ಮ ಅದೃಷ್ಟ.

ಉತ್ತರ 3: ಹಳೆಯ ರೂಪವನ್ನು ಅಂತರ್ಜಾಲದಿಂದ ತೆಗೆದರೂ ಓದುಗರು ಇಳಿಸಿಕೊಂಡ ಪ್ರತಿಗಳು ಉಳಿಯುತ್ತವೆ. ಕೃತಿ ಸ್ವಂತದ್ದೆಂಬ ಖಾತರಿಗೆ ಒಪ್ಪಂದದಲ್ಲಿ ಸಹಿ ಹಾಕುವ ಮೊದಲೇ ಪ್ರಕಾಶಕರಿಗೆ ಅದರ ಹಿನ್ನೆಲೆಯನ್ನು ತಿಳಿಸಿಬಿಡಿ.