ಹೂಡಿಯ ಮನೆ, ಹನ್ನೆರಡು ಲಕ್ಷದ ಭೋಗ್ಯ

‘ನೆಲಮಂಗಲ ಮನೆ’ ಗುಂಪು, ಗುರುವಾರ ಸಂಜೆ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ ಸಂದೇಶ): ಭೋಗ್ಯಕ್ಕೆ ಮನೆ ಇದೆ. ಹೂಡಿ ಮೆಟ್ರೋ ನಿಲ್ದಾಣದಿಂದ ನಡೆದರೆ 10 ನಿಮಿಷ. 2ನೇ ಮಹಡಿ, ಒಂದು ಮಲಗುವ ಕೋಣೆ, ಹಾಲ್, ಅಡುಗೆಮನೆ. 12 ಲಕ್ಷ, 3 ವರ್ಷ, ಬಾಡಿಗೆ ಇಲ್ಲ. ನೀರಿಗೆ ತೊಂದರೆ ಇಲ್ಲ. ಸಣ್ಣ ಕುಟುಂಬಕ್ಕೆ ಆದ್ಯತೆ. 50 ಸಾವಿರ ಟೋಕನ್ ಕೊಟ್ಟವರಿಗೆ ಮನೆ ಖಚಿತ.

ದೊಡ್ಡಪ್ಪ: ನಾಗರಾಜ, ಇದನ್ನು ನೋಡು. ಸಹನಾಳ ಹೊಸ ಕಚೇರಿಗೆ ಹತ್ತಿರ. ತಿಂಗಳಿಗೆ 15 ಸಾವಿರ ಬಾಡಿಗೆ ಎಂದುಕೊಂಡರೂ ಮೂರು ವರ್ಷಕ್ಕೆ 5 ಲಕ್ಷ 40 ಸಾವಿರ ಹೋಗುತ್ತದೆ, ಒಂದು ಪೈಸೆಯೂ ತಿರುಗಿ ಬರುವುದಿಲ್ಲ. ಇಲ್ಲಿ ಕೊಟ್ಟ ಹನ್ನೆರಡೂ ವಾಪಸ್. ಅವಳ ಮದುವೆಯ ಹೊತ್ತಿಗೆ ಹಣ ಕೈಯಲ್ಲಿರುತ್ತದೆ. ಒಪ್ಪುವುದಾದರೆ ನಾಳೆಯೇ ಟೋಕನ್ ಕೊಟ್ಟು ಬರೋಣ.

ಅಪ್ಪ: ಠೇವಣಿ ಮುರಿದರೆ ಎಂಟು ಆಗುತ್ತದೆ ಅಣ್ಣ. ಉಳಿದ ನಾಲ್ಕಕ್ಕೆ ಸುಮಿತ್ರಾಳ ಚಿನ್ನ ಅಡ ಇಡಬೇಕು.

ಅಮ್ಮ: ಇಡೋಣ ಬಿಡಿ. ಮಗಳು ತನ್ನದೇ ಬೀಗ ಹಾಕಿಕೊಂಡು ಒಂದು ಮನೆಯಲ್ಲಿ ಇರುತ್ತಾಳೆ ಎನ್ನುವ ಧೈರ್ಯ ನನಗೆ ಬೇಕು. ಊರು ಬಿಟ್ಟು ಎಲ್ಲಿಯೂ ಇದ್ದವಳಲ್ಲ ಅವಳು.

ಜಯಾ ಅತ್ತೆ: ಹೂಡಿಗೆ ಯಾಕೆ ಹೋಗಬೇಕು? ವಿಜಯನಗರದಲ್ಲಿ ನಮ್ಮ ಮನೆ ಇಲ್ಲವೇ? ಇಲ್ಲಿ ಮೆಟ್ರೋ ಹತ್ತಿದರೆ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು, ಎಲ್ಲಿಯೂ ಇಳಿದು ಬದಲಾಯಿಸುವ ತಾಪತ್ರಯವಿಲ್ಲ. ಊಟ ನಾನು ಕಟ್ಟಿಕೊಡುತ್ತೇನೆ. ಒಂದು ರೂಪಾಯಿ ಅಡ ಇಡುವುದು ಬೇಡ.

ಕಿರಣ: ಅಮ್ಮ, ಆ ರೈಲಿನಲ್ಲಿ ಬೆಳಿಗ್ಗೆ ಹೋಗಿ ನೋಡಬೇಕು. ವಿಜಯನಗರದಲ್ಲಿ ಸೀಟು ಸಿಗುವುದೇ ಕಷ್ಟ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದವರು ಬಂದು ಸೇರಿದ ಮೇಲೆ ಕೈ ಎತ್ತುವುದಕ್ಕೂ ಜಾಗವಿರುವುದಿಲ್ಲ. ಒಂದು ಗಂಟೆ ನಿಂತು ಹೋಗಬೇಕು, ಸಂಜೆ ಮತ್ತೆ ಒಂದು ಗಂಟೆ ನಿಂತು ಬರಬೇಕು. ನಾನು ಕುಂದಲಹಳ್ಳಿಗೆ ಬಂದದ್ದು ಇದೇ ಕಾರಣಕ್ಕೆ, ಮನೆ ಬೇಡವಾಗಿ ಅಲ್ಲ.

ಜಯಾ ಅತ್ತೆ: ಹೇಗೆ ಹೇಳಿದರೂ ಮನೆ ಖಾಲಿಯಾಗಿದ್ದು ನಿಜ.

ಅಪ್ಪ: ಇಲ್ಲಿಂದಲೇ ಓಡಾಡಿದರೆ ಹೇಗೆ ಎಂದೂ ಯೋಚಿಸಿದೆ. ಮಾದಾವರಕ್ಕೆ ಮೆಟ್ರೋ ಬಂದಿದೆಯಲ್ಲ.

ನಾನು: ಲೆಕ್ಕ ಹಾಕಿದ್ದೇನೆ ಅಪ್ಪ. 2024ರ ನವೆಂಬರ್‌ನಿಂದ ಮಾದಾವರದವರೆಗೆ ರೈಲು ಓಡುತ್ತಿದೆ, ನಿಜ. ನಮ್ಮ ಬಸ್ ನಿಲ್ದಾಣದಿಂದ ಮಾದಾವರಕ್ಕೆ ಬಸ್, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿ ಇಳಿದು ನೇರಳೆ ಮಾರ್ಗ, ಕೊನೆಗೆ ಕಚೇರಿಯ ಹತ್ತಿರದ ಪಟ್ಟಂದೂರು ಅಗ್ರಹಾರ. ಹೆದ್ದಾರಿ ಖಾಲಿ ಇದ್ದರೂ ಎರಡು ಗಂಟೆಗೆ ಕಡಿಮೆ ಇಲ್ಲ. ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನನಗೆ ಟಿಕೆಟ್‌ಗೆ ದುಡ್ಡಿಲ್ಲ, ಆದರೆ ಮೆಟ್ರೋಗೆ ಅದು ಅನ್ವಯಿಸುವುದಿಲ್ಲ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನನ್ನ ದಾರಿ 30 ಕಿಲೋಮೀಟರ್ ಮೀರುವುದರಿಂದ ಆ ಗರಿಷ್ಠ ದರವೇ ಬೀಳುತ್ತದೆ. ಹೋಗಿ ಬರಲು ದಿನಕ್ಕೆ 180, ಸ್ಮಾರ್ಟ್ ಕಾರ್ಡ್‌ನ ಶೇಕಡ 5 ಕಳೆದರೆ 171. ತಿಂಗಳಿಗೆ ಹತ್ತಿರ ಹತ್ತಿರ ನಾಲ್ಕು ಸಾವಿರ. ಹಣಕ್ಕಿಂತ ಹೆಚ್ಚಾಗಿ, ದಿನಕ್ಕೆ ನಾಲ್ಕು ಗಂಟೆ ನಿಂತು ಬಂದವಳು ಮನೆಯಲ್ಲಿ ಯಾರ ಮುಖ ನೋಡಿ ಏನು ಮಾತನಾಡಲಿ?

ದೊಡ್ಡಪ್ಪ: ಹಾಗಾದರೆ ಭೋಗ್ಯವೇ ಸರಿ ಎಂದಾಯಿತು.

ವಸುಧಾ ಅಕ್ಕ: ಅಪ್ಪ, ದಯವಿಟ್ಟು ಟೋಕನ್ ಕೊಡಬೇಡಿ. ಈಗಷ್ಟೇ ಎಲ್ಲವನ್ನೂ ಓದಿದೆ. ಕಚೇರಿಯಿಂದ ಹೊರಟಿದ್ದೇನೆ, ಹತ್ತು ನಿಮಿಷದಲ್ಲಿ ಬರೆಯುತ್ತೇನೆ.

ದೊಡ್ಡಪ್ಪ: ರಾಜಾಜಿನಗರದಲ್ಲಿ ನಾವು ಭೋಗ್ಯದ ಮನೆಯಲ್ಲೇ ಇದ್ದದ್ದು ನಿನಗೆ ನೆನಪಿರಬೇಕು ವಸುಧಾ. ನೀನು ಶಾಲೆಗೆ ಹೋದದ್ದು ಆ ಮನೆಯಿಂದ. ಅವಧಿ ಮುಗಿದ ದಿನ ಮಾಲೀಕರು ಹಣ ಎಣಿಸಿ ಕೊಟ್ಟು, ತಾಂಬೂಲ ಕೊಟ್ಟು ಕಳಿಸಿದರು. ಆ ಹಣದಿಂದಲೇ ನೆಲಮಂಗಲದ ನಿವೇಶನ ಬಂದದ್ದು.

ವಸುಧಾ ಅಕ್ಕ: ನೆನಪಿದೆ ಅಪ್ಪ. ಆ ಮಾಲೀಕರು ಕೆಳಗಿನ ಮನೆಯಲ್ಲೇ ಇದ್ದರು, ಅವರ ಮನೆಯ ಮೇಲೆ ಸಾಲವಿರಲಿಲ್ಲ, ಅವರ ಮೂರು ತಲೆಮಾರು ನಿಮಗೆ ಗೊತ್ತಿತ್ತು. ಈ ಸಂದೇಶ ಯಾರಿಂದ ಬಂತು ಎಂದು ನಿಮಗೆ ಗೊತ್ತೇ? ನಾನು ಬ್ಯಾಂಕಿನ ಸಾಲ ವಸೂಲಿ ವಿಭಾಗದಲ್ಲಿ ಕೆಲಸ ಮಾಡುವವಳು. ಅಲ್ಲಿ ನಡೆಯುವುದನ್ನು ಹೇಳುತ್ತೇನೆ, ಕೇಳಿ. ಮಾಲೀಕ ಸಾಲ ತೆಗೆದು ನಾಲ್ಕು ಮಹಡಿ ಕಟ್ಟುತ್ತಾನೆ. ಪ್ರತಿ ಮನೆಯನ್ನೂ ಭೋಗ್ಯಕ್ಕೆ ಕೊಟ್ಟು ಇಡಿಯ ಹಣ ಒಟ್ಟಿಗೆ ತೆಗೆದುಕೊಳ್ಳುತ್ತಾನೆ. ಆಮೇಲೆ ಕಂತು ನಿಲ್ಲಿಸುತ್ತಾನೆ. ಬ್ಯಾಂಕುಗಳ ಸಾಲ ವಸೂಲಿಗೆ ಇರುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು 60 ದಿನಗಳ ನೋಟಿಸ್ ಕೊಡುತ್ತದೆ. ಆದರೆ ಅದು ಹೋಗುವುದು ಸಾಲಗಾರನ ಹೆಸರಿಗೆ, ಒಳಗೆ ವಾಸವಿರುವವರ ಹೆಸರಿಗಲ್ಲ. ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿದ ದಿನ ಒಳಗಿದ್ದವರಿಗೆ ವಿಷಯ ತಿಳಿಯುತ್ತದೆ. ಮನೆ ಹರಾಜಾಗಿ ಬಂದ ಹಣದಲ್ಲಿ ಮೊದಲ ಹಕ್ಕು ಬ್ಯಾಂಕಿನದು. ಹನ್ನೆರಡು ಲಕ್ಷ ಕೊಟ್ಟವರು ಮಾಲೀಕನನ್ನು ಹುಡುಕಿಕೊಂಡು ನ್ಯಾಯಾಲಯ ಅಲೆಯಬೇಕು. ಹೀಗೆ ಅಲೆಯುತ್ತಿರುವವರನ್ನು ನಾನು ಎದುರಿಗೆ ಕೂರಿಸಿಕೊಂಡು ಮಾತನಾಡಿದ್ದೇನೆ. ಅವರಲ್ಲಿ ಹೆಚ್ಚಿನವರು ನಮ್ಮಂಥವರೇ, ಹೊಸದಾಗಿ ನಗರಕ್ಕೆ ಬಂದವರು.

ವಸುಧಾ ಅಕ್ಕ: ಇನ್ನೊಂದು ಬಗೆಯೂ ಇದೆ. ಮಧ್ಯದವನೊಬ್ಬ ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದೇ ಮನೆಯನ್ನು ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಡುತ್ತಾನೆ. ಕೆಲವು ತಿಂಗಳು ಬಾಡಿಗೆ ಕಟ್ಟಿ ನಿಲ್ಲಿಸುತ್ತಾನೆ. ಆಗ ಮಾಲೀಕರು ಬಂದು ಮನೆ ಬಿಡಿ ಎನ್ನುತ್ತಾರೆ. ಅವರದೂ ತಪ್ಪಿಲ್ಲ.

ಅಮ್ಮ: ದೇವರೇ.

ದೊಡ್ಡಪ್ಪ: ಎಲ್ಲರೂ ಮೋಸಗಾರರಲ್ಲ. ಋಣಭಾರ ಪತ್ರ ತೆಗೆಸಿದರೆ ಸಾಲ ಇದೆಯೋ ಇಲ್ಲವೋ ತಿಳಿಯುತ್ತದೆ. ನಾನೇನು ಕಣ್ಣು ಮುಚ್ಚಿಕೊಂಡು ಹಣ ಕೊಡುತ್ತೇನೆಯೇ?

ಶಂಕರ ಮಾವ: ಭಾವ, ಋಣಭಾರ ಪತ್ರ ತೆಗೆಸಲೇಬೇಕು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಕೈಸಾಲ ಕಾಣುವುದಿಲ್ಲ, ಮೊನ್ನೆ ಇನ್ನೊಬ್ಬರಿಗೆ ನೋಟರಿ ಮಾಡಿ ಕೊಟ್ಟ ಭೋಗ್ಯವೂ ಕಾಣುವುದಿಲ್ಲ. ನೋಂದಣಿಯ ವಿಷಯ ಹೇಳುತ್ತೇನೆ. ಪತ್ರವನ್ನು ಭೋಗ್ಯದ ಅಡಮಾನ ಎಂದು ಬರೆದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 100 ರೂಪಾಯಿ ಮತ್ತು ಅದಕ್ಕೂ ಮೇಲಿನ ಮೊತ್ತಕ್ಕೆ ನೋಂದಣಿ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಗುತ್ತಿಗೆ ಎಂದು ಬರೆದರೆ, 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಅವಧಿಗೆ ನೋಂದಣಿ ಕಡ್ಡಾಯ. ಬಾಡಿಗೆ ಕರಾರನ್ನು ಎಲ್ಲರೂ 11 ತಿಂಗಳಿಗೆ ಬರೆಸುವುದು ಅದಕ್ಕೇ. ಮೂರು ವರ್ಷದ ಈ ಮನೆಗೆ ಯಾವ ದಾರಿಯಲ್ಲಿ ಹೋದರೂ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಲೇಬೇಕು. ದಲ್ಲಾಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಮಾಲೀಕರು ನೋಂದಣಿಗೆ ಬರುತ್ತಾರೆಯೇ?

ದೊಡ್ಡಪ್ಪ: ಈಗಲೇ ಕೇಳುತ್ತೇನೆ.

ಕಿರಣ: ಅಷ್ಟರಲ್ಲಿ ನೀರಿನ ವಿಷಯ. ‘ತೊಂದರೆ ಇಲ್ಲ’ ಎಂದು ಈ ಭಾಗದ ಪ್ರತಿ ಜಾಹೀರಾತಿನಲ್ಲೂ ಇರುತ್ತದೆ. 2024ರ ಬೇಸಿಗೆಯಲ್ಲಿ ಇಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗಾಗಿ ಕಾದವರೆಲ್ಲ ಅಂಥದೇ ಮನೆಗಳಲ್ಲಿ ಇದ್ದವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆ ಅದು. ಆದರೆ ಬೀದಿಯಲ್ಲಿ ಕೊಳವೆ ಬಂದಿದ್ದರೂ ಮಾಲೀಕರು ಸಂಪರ್ಕ ಪಡೆದಿರಬೇಕು. ಸಹನಾ, ಕಾವೇರಿ ಸಂಪರ್ಕ ಇದೆಯೇ, ಸಂಪ್ ಎಷ್ಟು ದೊಡ್ಡದು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂದು ಮೂರನ್ನೂ ಕೇಳು. ವಿದ್ಯುತ್ ಮೀಟರ್ ಪ್ರತ್ಯೇಕವಾಗಿದೆಯೇ ಎಂದೂ ನೋಡು. ಪ್ರತ್ಯೇಕ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು.

ದೊಡ್ಡಪ್ಪ: ಕೇಳಿದೆ. ನೋಂದಣಿ ಬೇಡ, ನೋಟರಿ ಸಾಕು ಎನ್ನುತ್ತಾನೆ. ಮಾಲೀಕರು ಹೊರದೇಶದಲ್ಲಿ ಇದ್ದಾರಂತೆ. ಅವರ ಪರವಾಗಿ ಸಹಿ ಮಾಡುವವರು ಬೇರೆಯಂತೆ. ಅಧಿಕಾರ ಪತ್ರದ ಪ್ರತಿ ಕೇಳಿದರೆ ಟೋಕನ್ ಕೊಟ್ಟ ಮೇಲೆ ಎಂದ.

ಶಂಕರ ಮಾವ: ಈ ಮನೆಯ ಮಾತು ಇಲ್ಲಿಗೆ ಬಿಡಿ ಭಾವ.

ದೊಡ್ಡಪ್ಪ: ಬಿಟ್ಟೆ. ಆದರೆ ಈ ಒಂದು ಮನೆ ಸರಿ ಇಲ್ಲ ಎಂದ ಮಾತ್ರಕ್ಕೆ ಭೋಗ್ಯವೇ ಕೆಟ್ಟದ್ದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೋಂದಣಿಗೆ ಒಪ್ಪುವ ಮಾಲೀಕರು ಸಿಗುತ್ತಾರೆ, ಹುಡುಕುತ್ತೇನೆ. ಸಂಬಳದ ಅರ್ಧವನ್ನು ಬಾಡಿಗೆಗೆ ಸುರಿದು ಅವಳು ಏನು ಉಳಿಸುತ್ತಾಳೆ?

ನಾನು: ದೊಡ್ಡಪ್ಪ, ನಿಮಗೆ ಎದುರು ಮಾತನಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ನೀವು ನನ್ನ ಒಳ್ಳೆಯದಕ್ಕೇ ಹುಡುಕುತ್ತಿದ್ದೀರಿ ಎಂದು ಗೊತ್ತು. ಆದರೆ ಹನ್ನೆರಡು ಲಕ್ಷಕ್ಕೆ ಬಾಡಿಗೆ ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಅಪ್ಪನ ಎಂಟು ಲಕ್ಷಕ್ಕೆ ಶೇಕಡ 7ರಂತೆ ವರ್ಷಕ್ಕೆ 56 ಸಾವಿರ ಬಡ್ಡಿ ನಿಲ್ಲುತ್ತದೆ. ಅಮ್ಮನ ಚಿನ್ನದ ನಾಲ್ಕು ಲಕ್ಷಕ್ಕೆ ಶೇಕಡ 10 ಎಂದರೂ 40 ಸಾವಿರ ನಾವೇ ಬಡ್ಡಿ ಕಟ್ಟಬೇಕು. ಎರಡೂ ಸೇರಿ 96 ಸಾವಿರ, ತಿಂಗಳಿಗೆ 8 ಸಾವಿರ. ನನ್ನ ಇಬ್ಬರು ಸಹೋದ್ಯೋಗಿಗಳು ಹೂಡಿಯಲ್ಲೇ ಎರಡು ಕೋಣೆಯ ಮನೆ ನೋಡಿದ್ದಾರೆ. ಬಾಡಿಗೆ 30 ಸಾವಿರ, ನನ್ನ ಪಾಲು 10. ವ್ಯತ್ಯಾಸ ಎರಡು ಸಾವಿರ ರೂಪಾಯಿ. ಅಷ್ಟಕ್ಕಾಗಿ ಅಪ್ಪನ ಠೇವಣಿಯನ್ನೂ ಅಮ್ಮನ ಬಳೆಗಳನ್ನೂ ಒಬ್ಬ ಅಪರಿಚಿತನ ಕೈಯಲ್ಲಿ ಮೂರು ವರ್ಷ ಇಡಲು ನನಗೆ ಮನಸ್ಸಿಲ್ಲ.

ನಾನು: ಹಣಕ್ಕಿಂತ ದೊಡ್ಡ ಮಾತು ಒಂದಿದೆ. ಈವರೆಗೆ ನಾನು ದಾಬಸ್‌ಪೇಟೆಯಲ್ಲಿ ಕೆಲಸ ಮಾಡಿ ಕತ್ತಲಾಗುವ ಮೊದಲು ಮನೆ ಸೇರಿದವಳು. ಆ ನಗರ ನನಗೆ ಹೇಗೆ ಒಗ್ಗುತ್ತದೆ ಎಂದು ನನಗೇ ಗೊತ್ತಿಲ್ಲ. ಬೀದಿ ಸರಿ ಇಲ್ಲದಿರಬಹುದು, ಕಚೇರಿಯವರೇ ನನ್ನನ್ನು ಎಲೆಕ್ಟ್ರಾನಿಕ್ ಸಿಟಿಗೆ ಕಳಿಸಬಹುದು. 11 ತಿಂಗಳ ಬಾಡಿಗೆ ಮನೆಯಾದರೆ ನೋಟಿಸ್ ಕೊಟ್ಟು ಹೊರಡುತ್ತೇನೆ. ಹನ್ನೆರಡು ಲಕ್ಷ ಅಲ್ಲಿ ಸಿಕ್ಕಿಕೊಂಡಿದ್ದರೆ ಆ ಮನೆಯಲ್ಲಿ ಏನೇ ಆದರೂ ನಾನು ನಿಮಗೆ ಹೇಳುವುದಿಲ್ಲ. ಹಣ ಹೋಗುತ್ತದೆ ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡು ಇರುತ್ತೇನೆ. ಹಾಗೆ ಇರುವುದು ನನಗೆ ಬೇಡ.

ಅಮ್ಮ: ಈ ಮಾತನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಸಹನಾ?

ನಾನು: ಎಲ್ಲರೂ ಮನೆಯ ವಿಷಯ ಮಾತನಾಡುತ್ತಿದ್ದೀರಿ ಅಮ್ಮ. ನನ್ನನ್ನು ಯಾರೂ ಕೇಳಲಿಲ್ಲ.

ಜಯಾ ಅತ್ತೆ: ಮನೆ ಸಿಗುವ ತನಕವಾದರೂ ನಮ್ಮಲ್ಲಿ ಇರು ಕಂದ. ಇಲ್ಲ ಎನ್ನಬೇಡ.

ನಾನು: ಇರುತ್ತೇನೆ ಅತ್ತೆ. ಮೊದಲ ವಾರ ನಿಮ್ಮ ಮನೆಯಿಂದಲೇ ಹೋಗುತ್ತೇನೆ. ಆ ರೈಲನ್ನೂ ಒಮ್ಮೆ ನೋಡಿದಂತಾಗುತ್ತದೆ.

ಅಮ್ಮ: ಆ ಇಬ್ಬರು ಹುಡುಗಿಯರು ಯಾವ ಊರಿನವರು?

ನಾನು: ಒಬ್ಬಳು ಶಿರಸಿಯವಳು, ಇನ್ನೊಬ್ಬಳು ಕೇರಳದವಳು. ನಾಳೆ ಇಬ್ಬರನ್ನೂ ನಿಮ್ಮ ಜೊತೆ ಮಾತನಾಡಿಸುತ್ತೇನೆ.

ಅಪ್ಪ: ಸೋಮವಾರ ನಾನು ರಜೆ ಹಾಕುತ್ತೇನೆ. ಭಾನುವಾರ ಹೋದರೆ ಎಲ್ಲ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ಬೆಳಿಗ್ಗೆ ಮನೆ ನೋಡಿ, ಅವಳು ಕೆಲಸ ಬಿಟ್ಟು ಬರುವ ಹೊತ್ತಿಗೆ ನಿಲ್ದಾಣದಿಂದ ಆ ಮನೆಗೆ ಮತ್ತೊಮ್ಮೆ ನಡೆದು ನೋಡೋಣ. ಬೀದಿ ದೀಪ ಉರಿಯುತ್ತವೆಯೇ, ಎಷ್ಟು ಹೊತ್ತಿನವರೆಗೆ ಅಂಗಡಿ ತೆರೆದಿರುತ್ತದೆ ಎನ್ನುವುದು ನನಗೆ ಗೊತ್ತಾಗಬೇಕು.

ವಸುಧಾ ಅಕ್ಕ: ಅದೇ ಸರಿ ಚಿಕ್ಕಪ್ಪ. ಸಹನಾ, ಕರಾರಿನಲ್ಲಿ ಮೂವರ ಹೆಸರೂ ಇರಲಿ. ಒಬ್ಬಳು ಮಧ್ಯದಲ್ಲಿ ಬಿಟ್ಟರೆ ಉಳಿದವರು ಏನು ಮಾಡಬೇಕು ಎಂದು ಈಗಲೇ ಬರೆಸಿ. ಮನೆ ಬಿಡುವಾಗ ಬಣ್ಣದ ಖರ್ಚು ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿ ವಾಡಿಕೆ, ಅದಕ್ಕಿಂತ ಹೆಚ್ಚು ಹಿಡಿಯಬಾರದು ಎಂದೂ ಬರೆಸಿ. ಬೀಗದ ಕೈ ಪಡೆದ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೋ ತೆಗೆದಿಡು.

ಶಂಕರ ಮಾವ: ಅಡ್ವಾನ್ಸ್ ಎಷ್ಟು ಕೇಳಿದ್ದಾರೆ? ಹತ್ತು ತಿಂಗಳು ಕೇಳುವವರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ. 2021ರಲ್ಲಿ ಕೇಂದ್ರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ತರದೆ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಮಾತಿನಲ್ಲೇ ಇಳಿಸಬೇಕು.

ನಾನು: ಐದು ತಿಂಗಳದು ಕೇಳಿದ್ದಾರೆ ಮಾವ. ನನ್ನ ಪಾಲಿಗೆ 50 ಸಾವಿರ ಬರುತ್ತದೆ. ದಾಬಸ್‌ಪೇಟೆಯ ಸಂಬಳದಲ್ಲಿ ಉಳಿಸಿದ್ದು ನನ್ನ ಖಾತೆಯಲ್ಲಿದೆ.

ದೊಡ್ಡಪ್ಪ: ಸೋಮವಾರ ನಾನೂ ಬರುತ್ತೇನೆ. ಅಡ್ವಾನ್ಸ್ ಮಾತು ನಾನು ಆಡುತ್ತೇನೆ.

ನಾನು: ಖಂಡಿತ ಬನ್ನಿ ದೊಡ್ಡಪ್ಪ. ಮಾತು ನಾನೇ ಆಡುತ್ತೇನೆ. ಆ ಮನೆಯಲ್ಲಿ ಇರಬೇಕಾದವಳು ನಾನು, ನಾಳೆ ನಲ್ಲಿ ಕೆಟ್ಟರೂ ಅವರೊಂದಿಗೆ ಮಾತನಾಡಬೇಕಾದವಳು ನಾನು.

ದೊಡ್ಡಪ್ಪ: ಸರಿ. ಎರಡು ತಿಂಗಳಿಂದ ಶುರು ಮಾಡು, ಮೂರು ದಾಟಬೇಡ. ಮೂವರೂ ಒಟ್ಟಿಗೆ ಹೋಗಿ ಕೇಳಿ.